ಹುಳದ ಮನೆ ಬಾಗಿಲಿನ ಬೊಂತ

ನನ್ನ ರವಿಕೆಯ ಮೂರನೆಯ ಹುಕ್ಕು ಬಿದ್ದುಹೋಗಿ ಬಹಳ ದಿನವಾಯಿತು. ಬಿದ್ದ ದಿನವೇ ಅದನ್ನು ಹುಡುಕಿ ಕನ್ನಡಿಯ ಚೌಕಟ್ಟಿನ ಮೇಲೆ ಜೋಪಾನವಾಗಿ ಎತ್ತಿಟ್ಟಿದ್ದೇನೆ. ದಿನಾ ಬೆಳಿಗ್ಗೆ ಕುಂಕುಮ ಇಟ್ಟುಕೊಳ್ಳುವಾಗ ಅದನ್ನು ನೋಡುತ್ತೇನೆ, ಇವತ್ತು ಸಾಯಂಕಾಲ ಖಂಡಿತ ಎಂದು ಮಾತು ಕೊಡುತ್ತೇನೆ, ಅದರ ಜಾಗಕ್ಕೆ ಒಂದು ಪಿನ್ನು ಚುಚ್ಚಿಕೊಂಡು ಬಸ್ಸಿಗೆ ಓಡುತ್ತೇನೆ. ಸಾಯಂಕಾಲ ಬರುತ್ತದೆ, ಹೋಗುತ್ತದೆ. ಒಂದು ಹುಕ್ಕು ಹೊಲಿಯಲು ಎಷ್ಟು ಹೊತ್ತು ಬೇಕು ಎಂದು ನೀವು ಕೇಳಬಹುದು. ಒಲೆಯ ಮೇಲಿಟ್ಟ ಹಾಲು ಉಕ್ಕುವಷ್ಟು ಹೊತ್ತು ಸಾಕು. ಆದರೆ ಆ ಹೊತ್ತಿನಲ್ಲಿ ನಾನು ಹಾಲನ್ನು ಕಾಯಬೇಕಲ್ಲ.

ಹಾಗೆಂದು ನಾನು ಕೈಕೆಲಸ ಬಾರದವಳೇನೂ ಅಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕು, ಬೇರೆ ಯಾರೂ ಹೇಳುವುದಿಲ್ಲ. ಶ್ರೀನಿವಾಸಪುರದ ನಮ್ಮ ಬಾಡಿಗೆ ಮನೆಯ ಟ್ರಂಕಿನಲ್ಲಿ ನಮ್ಮ ಯಜಮಾನರಿಗೆಂದು ಶುರುಮಾಡಿದ ಕಂದು ಬಣ್ಣದ ಸ್ವೆಟರ್ ಇದೆ. ಬೆನ್ನು ಆಗಿದೆ, ಒಂದು ತೋಳೂ ಆಗಿದೆ. ಮದುವೆಯಾದ ಹೊಸತರಲ್ಲಿ ಉತ್ಸಾಹದಿಂದ ಅಳತೆ ತೆಗೆದುಕೊಂಡಿದ್ದೆ. ಈಗ ಅವರಿಗೆ ಸಣ್ಣಗೆ ಹೊಟ್ಟೆ ಬಂದಿರುವುದರಿಂದ ಮುಂಭಾಗ ಹೆಣೆಯುವ ಮುನ್ನ ಮತ್ತೆ ಅಳತೆ ಆಗಬೇಕು. ನಮ್ಮ ಶಾಲೆಯ ಬೇರೆ ಮೇಡಮ್ಮುಗಳು ಬಸ್ಸಿನಲ್ಲಿ ಹೋಗಿ ಬರುವಷ್ಟರಲ್ಲೇ ಮನೆಮಂದಿಗೆಲ್ಲ ಸ್ವೆಟರ್ ಹೆಣೆದು ಮುಗಿಸಿದವರು. ಅವರನ್ನು ನೋಡಿ ನಾನೂ ಒಂದು ದಿನ ಬಸ್ಸಿನಲ್ಲಿ ಕಡ್ಡಿ ತೆಗೆದೆ. ಮೊದಲ ತಿರುವಿನಲ್ಲೇ ಅದು ಪಕ್ಕದಲ್ಲಿ ನಿಂತಿದ್ದ ರೈತರೊಬ್ಬರ ಪಕ್ಕೆಗೆ ಚುಚ್ಚಿತು. ಅವರು ಕೋಪ ಮಾಡಿಕೊಳ್ಳಲಿಲ್ಲ. "ಮೇಡಮ್ನೋರೇ, ಆ ಕಡ್ಡಿ ವಸಿ ಒಳಗಿಟ್ಕಳಿ, ನಂಗಿನ್ನೂ ಇಬ್ರು ಹೆಣ್ಮಕ್ಳ ಮದ್ವೆ ಆಗ್ಬೇಕು" ಅಂದರು, ಅಷ್ಟೇ. ಕಡ್ಡಿ ಒಳಗೆ ಹೋದದ್ದು ಇನ್ನೂ ಹೊರಗೆ ಬಂದಿಲ್ಲ.

ಹುಕ್ಕು ಬಿದ್ದದ್ದಕ್ಕೂ ಒಂದು ಕಾರಣವಿದೆ. ರವಿಕೆ ಬಿಗಿಯಾಗುತ್ತಿದೆ. ನನಗೀಗ ಐದು ತಿಂಗಳು. ಇದನ್ನು ಹೀಗೆ ಬರೆದು ಎಲ್ಲರಿಗೂ ಹೇಳುವುದು ನಮ್ಮ ಕಡೆಯ ಪದ್ಧತಿಯಲ್ಲ, ಆದರೆ ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ.

ಹೋದ ವಾರ ಭಾನುವಾರ ನಮ್ಮ ಸರೋಜಕ್ಕ ಬಂದಿದ್ದಳು. ಅವಳನ್ನು ಕೊಟ್ಟಿರುವುದು ಮಾಸ್ತಿಯ ಹತ್ತಿರದ ಒಂದು ಹಳ್ಳಿಗೆ. ಅಲ್ಲಿಂದ ಮಾಲೂರು, ಮಾಲೂರಿನಿಂದ ಕೋಲಾರ, ಕೋಲಾರದಿಂದ ಶ್ರೀನಿವಾಸಪುರ ಎಂದು ಬಸ್ಸು ಬದಲಾಯಿಸಿ ಬದಲಾಯಿಸಿ, ಒಂದು ಕೈಯಲ್ಲಿ ಹುರುಳಿಕಾಯಿ ಚೀಲ, ಇನ್ನೊಂದು ಕೈಯಲ್ಲಿ ಪಂಚೆಯಲ್ಲಿ ಸುತ್ತಿದ ಗಂಟು ಹಿಡಿದುಕೊಂಡು ಬಂದಳು. ಕಾಲು ತೊಳೆದವಳೇ ಕೇಳಿದಳು.

"ಏನೇ ಪದ್ದೀ, ಮಗೂಗೆ ಅಂತ ಏನಾದ್ರೂ ಹೊಲ್ದಿಟ್ಟಿದ್ದೀಯಾ?"

"ಎಲ್ಲಿ ಅಕ್ಕ, ನನ್ನ ಹುಕ್ಕಿಗೇ ಪುರುಸೊತ್ತಿಲ್ಲ."

"ಒಳ್ಳೇದೇ ಆಯ್ತು. ಹೊಲೀಲೂಬೇಡ. ಇದನ್ನ ಇಟ್ಕೋ. ಹಳೇದು ಕಣೇ, ಇದಕ್ಕೆ ಯಾವ ದೋಷಾನೂ ಇಲ್ಲ. ಅಂಚು ಒಂದ್ಕಡೆ ಕಿತ್ತೋಗಿದೆ, ಅಷ್ಟು ಹಾಕ್ಕೊಂಡ್ರೆ ಸಾಕು."

ಗಂಟು ಬಿಚ್ಚಿದೆ. ಒಳಗಿದ್ದದ್ದು ಒಂದು ಪುಟ್ಟ ಬೊಂತ. ಹಳೆಯ ಸೀರೆ, ಪಂಚೆಗಳನ್ನು ಒಂದರ ಮೇಲೊಂದು ಹಾಸಿ, ಉದ್ದಕ್ಕೂ ಕೈಹೊಲಿಗೆ ಹಾಕಿ ಮಾಡುವ ಹೊದಿಕೆಗೆ ಬೇರೆ ಕಡೆ ಕೌದಿ ಎನ್ನುತ್ತಾರಂತೆ. ನಮ್ಮ ಕಡೆ ತೆಲುಗಿನವರ ಜೊತೆ ಸೇರಿ ನಾವೂ ಬೊಂತ ಎನ್ನುತ್ತೇವೆ. ನೋಡಿದ ಕೂಡಲೇ ಗುರುತು ಹತ್ತಿತು. ಮೇಲಿನ ಪದರ ಅಮ್ಮನ ಹಸಿರು ಸೀರೆ, ಕೆಳಗಿನದು ಅಪ್ಪನ ಪಂಚೆ. ಮೂಗಿನ ಹತ್ತಿರ ಹಿಡಿದೆ. ಒಗೆದ ಬಟ್ಟೆಯ ವಾಸನೆ ಮಾತ್ರ ಬಂತು, ಆದರೂ ನನಗೆ ಹಿಪ್ಪುನೇರಳೆ ಸೊಪ್ಪಿನ ವಾಸನೆ ಬಂದ ಹಾಗಾಯಿತು.

ಈಗ ನೋಡಿ, ನನಗೆ ಪುರುಸೊತ್ತು ಕೊಡುವವರು ಯಾರೂ ಇಲ್ಲ. ನಮ್ಮಮ್ಮನಿಗೆ ಇದ್ದರು. ಅವಳಿಗೆ ಪುರುಸೊತ್ತು ಕೊಡುತ್ತಿದ್ದವು ರೇಷ್ಮೆಹುಳುಗಳು.

ನನ್ನ ತವರೂರು ಮುಳಬಾಗಿಲಿನ ಕಡೆ, ತಾಯಲೂರಿನಿಂದ ಸ್ವಲ್ಪ ಒಳಗೆ. ಕೆರೆಯ ಕೆಳಗೆ ಒಂದಿಷ್ಟು ರಾಗಿ, ಬಾವಿಯ ಪಕ್ಕದಲ್ಲಿ ಹಿಪ್ಪುನೇರಳೆ ತೋಟ, ಮನೆಯಲ್ಲಿ ಹುಳು. ಮನೆಯಲ್ಲಿ ಎಂದರೆ ಮನೆಯ ಒಳ್ಳೆಯ ಭಾಗದಲ್ಲಿ. ಗಾಳಿ ಬೆಳಕು ಚೆನ್ನಾಗಿದ್ದ ದೊಡ್ಡ ಕೋಣೆಗೆ ಹುಳದ ಮನೆ ಎಂದೇ ಹೆಸರು. ಉಳಿದ ಕಡೆ ನಾವು ಅಡ್ಜಸ್ಟ್ ಮಾಡಿಕೊಂಡಿದ್ದೆವು. ಬಿದಿರಿನ ತಟ್ಟೆಗಳು ಅಟ್ಟದ ಹಾಗೆ ಒಂದರ ಮೇಲೊಂದು, ಸ್ಟ್ಯಾಂಡಿನ ಕಾಲಿಗೆ ಇರುವೆ ಹತ್ತದಿರಲು ನೀರಿನ ಬಟ್ಟಲು, ಬಾಗಿಲಿಗೆ ತಂಪಿಗೆಂದು ನೀರು ಚಿಮುಕಿಸಿದ ಗೋಣಿ ತಾಟು. ಹುಳುಗಳಿಗೆ ಹೊತ್ತು ಹೊತ್ತಿಗೆ ಸೊಪ್ಪು ಆಗಬೇಕು. ಎಳೆಯದಿದ್ದಾಗ ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಬೇಕು. ಅವುಗಳ ಕೆಳಗಿನ ಹಿಕ್ಕೆ ತೆಗೆಯಬೇಕು. ಅವುಗಳಿಗೆ ಒಗ್ಗರಣೆಯ ಘಾಟು ಆಗದೆಂದು ನಮ್ಮ ಮನೆಯಲ್ಲಿ ಮೆಣಸಿನಕಾಯಿ ಒಗ್ಗರಣೆಯನ್ನು ಹಿತ್ತಲಿನಲ್ಲಿ ಹಾಕುತ್ತಿದ್ದರು. ಮನೆಗೆ ಬಂದ ನೆಂಟರಿಗೆ ಸಿಗದ ಮರ್ಯಾದೆ ಅವಕ್ಕೆ ಸಿಗುತ್ತಿತ್ತು. ಅಮ್ಮ ಬೆಳಿಗ್ಗೆ ಎದ್ದರೆ ತೋಟ, ತೋಟದಿಂದ ಬಂದರೆ ಹುಳದ ಮನೆ, ನಡುನಡುವೆ ನಾವು.

ಆದರೆ ಹುಳುವಿಗೆ ಒಂದು ಒಳ್ಳೆಯ ಗುಣವಿದೆ. ಗೂಡು ಕಟ್ಟುವ ಮುನ್ನ ಅದು ನಾಲ್ಕು ಸಲ ಹಳೆಯ ಚರ್ಮ ಬಿಟ್ಟು ಹೊಸದಾಗುತ್ತದೆ. ಚರ್ಮ ಬಿಡುವ ಮುಂಚೆ ತಿನ್ನುವುದನ್ನು ನಿಲ್ಲಿಸಿ, ತಲೆ ಮೇಲೆತ್ತಿಕೊಂಡು, ಅಲುಗಾಡದೆ ಹೆಚ್ಚುಕಡಿಮೆ ಒಂದು ದಿನ ಸುಮ್ಮನೆ ಕೂರುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ಹುಳು ಜ್ವರಕ್ಕೆ ಕೂತರೆ ಸೊಪ್ಪು ಹಾಕುವ ಹಾಗಿಲ್ಲ. ಸೊಪ್ಪು ಹಾಕುವ ಹಾಗಿಲ್ಲ ಎಂದರೆ ಅಮ್ಮನಿಗೆ ರಜ. ಒಂದು ಬೆಳೆಗೆ ನಾಲ್ಕು ರಜ.

ನಮ್ಮ ಮನೆಯ ಪಂಚಾಂಗವೆಲ್ಲ ಈ ಜ್ವರಗಳ ಮೇಲೇ ನಡೆಯುತ್ತಿತ್ತು. ಮುಳಬಾಗಿಲಿನಲ್ಲಿದ್ದ ಚಿಕ್ಕಮ್ಮ ಕರೆದರೆ ಅಮ್ಮ "ಎರಡನೇ ಜ್ವರಕ್ಕೆ ಬರ್ತೀನಿ ಕಣೇ" ಎಂದು ಹೇಳಿ ಕಳಿಸುತ್ತಿದ್ದಳು. ನಮ್ಮ ತಲೆಗೆ ಎಣ್ಣೆ ನೀರು ಬೀಳುತ್ತಿದ್ದದ್ದು ಜ್ವರದ ದಿನ. ಹಪ್ಪಳ ಒತ್ತುತ್ತಿದ್ದದ್ದು ಜ್ವರದ ದಿನ. ಕುರುಡುಮಲೆ ಗಣಪತಿಗೆ ಹೊತ್ತ ಹರಕೆ ತೀರಿಸಲು ಹೋದದ್ದೂ ಒಂದು ಮೂರನೇ ಜ್ವರದಲ್ಲೇ. ಅಷ್ಟು ದೊಡ್ಡ ಗಣಪತಿಯ ಮುಂದೆ ಕೈಮುಗಿದು ನಿಂತಾಗಲೂ ಅಮ್ಮ "ಹುಳ ಎದ್ದಿರ್ತಾವೇನೋ" ಎಂದು ಗೊಣಗಿದ್ದು ನನ್ನ ಕಿವಿಗೆ ಬಿದ್ದಿತ್ತು. ಪ್ರದಕ್ಷಿಣೆಯನ್ನು ಅವಳು ನಡೆದಳೆನ್ನುವುದಕ್ಕಿಂತ ಓಡಿದಳು ಎನ್ನುವುದೇ ಸರಿ.

ಇವೆಲ್ಲ ಮುಗಿದು ಉಳಿದ ಹೊತ್ತೆಲ್ಲ ಹೊಲಿಗೆಗೆ. ಅಮ್ಮ ಹಳೆಬಟ್ಟೆಯ ಗಂಟು ತಂದು ಜಗಲಿಯ ಮೇಲೆ ಬಿಚ್ಚಿಕೊಂಡು ಕೂರುತ್ತಿದ್ದಳು. ಅವಳ ಮುಖವೇ ಬೇರೆಯಾಗುತ್ತಿತ್ತು. ನಾವು ಏನು ಕೇಳಿದರೂ ಹೂಂ ಅನ್ನುತ್ತಿದ್ದಳು. ಹಾಗಾಗಿ ಕೇಳಬೇಕಾದದ್ದನ್ನೆಲ್ಲ ನಾನು ಜ್ವರದ ದಿನಕ್ಕೆ ಉಳಿಸಿಕೊಳ್ಳುತ್ತಿದ್ದೆ. ಅವಳ ಹೊಲಿಗೆ ಇರುವೆ ಸಾಲಿನಷ್ಟು ಸಣ್ಣ, ಅಷ್ಟೇ ನೆಟ್ಟಗೆ. ಅಕ್ಕಪಕ್ಕದ ಹೆಂಗಸರು ಬಂದು ಬೊಂತವನ್ನು ತಿರುಗಿಸಿ ತಿರುಗಿಸಿ ನೋಡಿ, ಮುಂದೆ ಯಾವುದು ಹಿಂದೆ ಯಾವುದು ಎಂದು ಗೊತ್ತಾಗದೆ ಕೆಳಗಿಡುತ್ತಿದ್ದರು. ಬಡಾಯಿ ಗೊತ್ತಿಲ್ಲದ ನಮ್ಮಮ್ಮನಿಗೆ ಜಂಬ ಎಂದು ಒಂದಿದ್ದರೆ ಅದು ಆ ಹೊಲಿಗೆಯ ಮೇಲೆ. ಎದ್ದು ಹೋಗುವಾಗ ಮುಂದಿನ ಜ್ವರಕ್ಕೆ ಹೊತ್ತು ಉಳಿಯಲೆಂದು ಸೂಜಿಗೆ ದಾರ ಪೋಣಿಸಿ ಬಟ್ಟೆಯಲ್ಲೇ ಚುಚ್ಚಿಟ್ಟಿರುತ್ತಿದ್ದಳು.

ಅಂಥವಳ ಹೊಟ್ಟೆಯಲ್ಲಿ ನಾನು ಹುಟ್ಟಿದೆ. ಶಾಲೆಯಲ್ಲಿ ಹೊಲಿಗೆ ಪೀರಿಯಡ್ಡಿನಲ್ಲಿ ಕರವಸ್ತ್ರದ ಮೂಲೆಗೆ ಗಿಳಿ ಹಾಕಲು ಹೇಳಿದ್ದರು. ನಾನು ಹಾಕಿದ್ದನ್ನು ಅಮ್ಮ ಬೆಳಕಿಗೆ ಹಿಡಿದು ನೋಡಿ, "ಬದ್ನೇಕಾಯಿ ಚೆನ್ನಾಗ್ ಬಂದಿದೆ" ಅಂದಳು. ಹಂಗಿಸಲು ಹೇಳಿದ್ದಲ್ಲ, ನಿಜವಾಗಿಯೂ ಬದನೆಕಾಯಿ ಎಂದೇ ತಿಳಿದಿದ್ದಳು. ಹೀಗಾಗಿ ನಮ್ಮ ಮನೆಯಲ್ಲಿ ಸೊಟ್ಟ ಹೊಲಿಗೆ ಎಲ್ಲಿ ಕಂಡರೂ ಅದು ನನ್ನದೇ ಎಂದು ತೀರ್ಮಾನವಾಗಿತ್ತು.

ಮನೆಯಲ್ಲಿ ನಮ್ಮ ಜೊತೆ ಇನ್ನೊಬ್ಬಳಿದ್ದಳು, ಅವ್ವ. ಅವ್ವ ಎಂದರೆ ನಮ್ಮ ಕಡೆ ಅಜ್ಜಿ, ಅಪ್ಪನ ತಾಯಿ. ಗಡಿಯಾಚೆ ಪುಂಗನೂರಿನ ಕಡೆಯವಳು. ಕನ್ನಡ ಮಾತಾಡುತ್ತಾ ಆಡುತ್ತಾ ಸಿಟ್ಟು ಬಂದರೆ ತೆಲುಗಿಗೆ, ಪ್ರೀತಿ ಬಂದರೂ ತೆಲುಗಿಗೆ ಹೋಗಿಬಿಡುತ್ತಿದ್ದಳು. ಕಣ್ಣು ಮಂಜಾಗಿತ್ತು. ಅವಳಿಗಿದ್ದ ಒಂದೇ ಚಟ ನಶ್ಯ. ಸೊಂಟದಲ್ಲಿ ಸದಾ ಒಂದು ತಗಡಿನ ಡಬ್ಬಿ. ಹೊಗೆಸೊಪ್ಪಿನ ಸೋಂಕು ತಾಕಿದರೆ ರೇಷ್ಮೆಹುಳು ಬದುಕುವುದಿಲ್ಲ, ಬೀಡಿ ಸೇದಿದ ಕೈಯಲ್ಲಿ ಸೊಪ್ಪು ಮುಟ್ಟಿದರೂ ಆಯಿತು. ಆದ್ದರಿಂದ ಅವ್ವನಿಗೆ ಹುಳದ ಮನೆಗೆ ಪ್ರವೇಶವಿಲ್ಲ. ಅಪ್ಪ ಎಷ್ಟೋ ಸಲ ನಶ್ಯ ಬಿಡಲು ಹೇಳಿದ್ದ. "ಪ್ರಾಣ ಬಿಡು ಅನ್ನು, ಬಿಡ್ತೀನಿ" ಎಂದು ಅವ್ವ ಇನ್ನೊಂದು ಚಿಟಿಕೆ ಏರಿಸಿದ್ದಳು. ಮನೆಯವರೆಲ್ಲ ಹುಳುಗಳ ಹಿಂದೆ ಓಡಾಡುವಾಗ ಅವಳೊಬ್ಬಳೇ ಜಗಲಿಯ ಕಂಬಕ್ಕೆ ಒರಗಿ ಕೂತು ಸೀನುತ್ತಿದ್ದಳು. ಆ ಮನೆಯಲ್ಲಿ ಬೇಕಾದಷ್ಟು ಪುರುಸೊತ್ತು ಇದ್ದವಳು ಅವಳೊಬ್ಬಳೇ.

ಈಗ ಸರೋಜಕ್ಕನ ವಿಷಯಕ್ಕೆ ಬರಬೇಕು. ನಾನು ಆರನೇ ಕ್ಲಾಸಿನಲ್ಲಿದ್ದಾಗ ಅವಳು ಬಾಣಂತನಕ್ಕೆ ಮನೆಗೆ ಬಂದಳು. ಅದು ಎರಡನೆಯ ಸಲ. ಮೊದಲನೆಯದು ಏಳು ತಿಂಗಳು ತುಂಬುವ ಮೊದಲೇ ಹೋಗಿತ್ತು. ಆಗ ಅಮ್ಮ ಸಂಭ್ರಮದಿಂದ ಎಲ್ಲರಿಗೂ ಹೇಳಿಕೊಂಡು ಬೊಂತ, ಜುಬ್ಬ, ಟೋಪಿ ಎಲ್ಲ ಹೊಲಿದಿಟ್ಟಿದ್ದಳು. ಅಕ್ಕನಿಗೆ ನೋವು ಬಂದಿದೆಯೆಂದು ಸುದ್ದಿ ಬಂದಾಗ ಹುಳುಗಳು ನಾಲ್ಕನೇ ಜ್ವರ ಕಳೆದು ದೊಡ್ಡ ಊಟಕ್ಕೆ ಎದ್ದಿದ್ದವು. ಆ ದಿನಗಳಲ್ಲಿ ಅವಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು, ಒಂದು ಹೊತ್ತು ತಪ್ಪಿದರೆ ಬೆಳೆಯೇ ಹೋಗುತ್ತದೆ. ಅಮ್ಮ ಹೊರಡುವುದು ಒಂದು ದಿನ ತಡವಾಯಿತು. ಅವಳು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಕ್ಕ ಅಮ್ಮನನ್ನು ಒಂದು ಮಾತೂ ಕೇಳಲಿಲ್ಲವಂತೆ. ಕೇಳಿದ್ದರೆ ಚೆನ್ನಾಗಿತ್ತು ಎಂದು ಅಮ್ಮ ಆಮೇಲೆ ಹೇಳುತ್ತಿದ್ದಳು.

ಅಂದಿನಿಂದ ಅವ್ವ ಒಂದು ಕಟ್ಟಪ್ಪಣೆ ಮಾಡಿದ್ದಳು. "ಹುಟ್ಟಿ ಅಳೋವರ್ಗೂ ಮಗೂಗೆ ಅಂತ ಒಂದು ದಾರಾನೂ ಪೋಣಿಸ್ಬಾರ್ದು. ವದ್ದಮ್ಮಾ, ವದ್ದು. ಬೇಡವೇ ಬೇಡ."

ಅಮ್ಮ ಎದುರು ಮಾತಾಡಲಿಲ್ಲ. ಆದರೆ ಆ ಬೆಳೆಯ ಮೊದಲನೇ ಜ್ವರದ ದಿನ ಜಗಲಿಯ ಮೇಲೆ ಹಸಿರು ಸೀರೆ ಹರಡಿದಳು. ಮೆತ್ತಗಿರುವ ಕಡೆ ನೋಡಿ ನೋಡಿ ಕತ್ತರಿಸಿದಳು. ಕೆಳಗೆ ಅಪ್ಪನ ಪಂಚೆ ಇಟ್ಟಳು. ಅಳತೆ ತೊಟ್ಟಿಲಿಗಿಂತ ಸ್ವಲ್ಪ ದೊಡ್ಡದು.

"ಯಾರಿಗಮ್ಮಾ ಇದು?" ಎಂದು ಕೇಳಿದೆ. ನನಗೆ ಆಗ ಬುದ್ಧಿ ಕಡಿಮೆ, ಬಾಯಿ ಜಾಸ್ತಿ.

ಅಮ್ಮ ಕಂಬದ ಕಡೆ ನೋಡಿದಳು. ಕಂಬಕ್ಕೆ ಒರಗಿ ಅವ್ವ ಕೂತಿದ್ದಳು.

"ಹುಳದ್ ಮನೆ ಬಾಗ್ಲಿಗೆ ಕಣೇ," ಅಂದಳು ಅಮ್ಮ. "ಗೋಣಿ ಹರ್ದೋಗಿದೆಯಲ್ಲ."

ಹುಳದ ಮನೆಯ ಬಾಗಿಲು ಅಪ್ಪನಿಗಿಂತ ಎತ್ತರ. ಬೊಂತ ನನ್ನ ಮೊಣಕಾಲು ಮುಚ್ಚುವಷ್ಟು. ನಾನು ಅದನ್ನೇ ಹೇಳಲು ಬಾಯಿ ತೆರೆದೆ, ಅಮ್ಮ ಕಣ್ಣು ಬಿಟ್ಟಳು, ಮುಚ್ಚಿದೆ. ಅವ್ವ ತನ್ನ ಡಬ್ಬಿಯನ್ನು ತಿರುಗಿಸುತ್ತಾ, "ಬಾಗ್ಲಿಗಾದ್ರೆ ಹೊಲಿಯಮ್ಮ, ಬಾಗ್ಲಿಗೇನು" ಅಂದಳು. ಅಪ್ಪನೂ ಹಾಗೆಯೇ ಒಪ್ಪಿಕೊಂಡ. ಸರೋಜಕ್ಕ ತಾನೇ ಹತ್ತಿರ ಕೂತು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಬಾಗ್ಲಿಗೆ ಹಸಿರು ಒಪ್ಪತ್ತೆ" ಅಂದಳು. ಮನೆಮಂದಿಯೆಲ್ಲ ಸೇರಿ ಒಂದು ಬಾಗಿಲಿನ ಮೇಲೆ ಅಷ್ಟು ಅಕ್ಕರೆ ತೋರಿಸಿದ್ದನ್ನು ನಾನು ಮತ್ತೆಲ್ಲೂ ನೋಡಿಲ್ಲ.

ಎರಡನೇ ಜ್ವರ ಬಂತು. ಅಮ್ಮ ಎಣ್ಣೆ ನೀರು ಮುಗಿಸಿ, ಗಂಟು ಬಿಚ್ಚಿ, ಬೊಂತ ತೆಗೆದವಳು ಹಾಗೇ ಕೂತುಬಿಟ್ಟಳು. ಅವಳು ಬಿಟ್ಟಿದ್ದ ಕಡೆಯಿಂದ ಅಂಚಿನ ಉದ್ದಕ್ಕೂ ಯಾರೋ ಹೊಲಿದುಕೊಂಡು ಹೋಗಿದ್ದರು. ಒಂದೊಂದು ಹೊಲಿಗೆ ಹೆಬ್ಬೆರಳಿನಷ್ಟು ಉದ್ದ. ಒಂದು ಮೇಲಕ್ಕೆ, ಒಂದು ಕೆಳಕ್ಕೆ, ಕೆಲವು ಕಡೆ ಬಟ್ಟೆ ಹಿಡಿದೇ ಇಲ್ಲ.

"ಏನೇ ಪದ್ದೀ ಇದು, ಕೋಳಿ ಕೆದರ್ದಂಗೆ?"

"ನಾನಲ್ಲಮ್ಮ."

"ನೀನಲ್ದೆ ಇನ್ನೇನು ಬೆಕ್ಕು ಹೊಲೀತಾ? ಮುಟ್ಬೇಡ ಅಂದ್ರೆ ಮುಟ್ಬಾರ್ದು. ನನ್ನ ಒಂದು ದಿನಾನೂ ಬಿಡಲ್ವಲ್ಲ ನೀವು."

ನನಗೆ ಬೈಸಿಕೊಂಡದ್ದಕ್ಕಿಂತ ಆ ಕೊನೆಯ ಮಾತಿಗೇ ಹೆಚ್ಚು ಬೇಜಾರಾಯಿತು. ಅಮ್ಮ ಕೂತು ಅಷ್ಟನ್ನೂ ಒಂದೊಂದಾಗಿ ಬಿಚ್ಚಿದಳು. ಜ್ವರದ ಅರ್ಧ ದಿನ ಅದಕ್ಕೇ ಹೋಯಿತು. ಕಂಬದ ಬಳಿ ಅವ್ವ ಕೂತು ನೋಡುತ್ತಲೇ ಇದ್ದಳು.

ಮೂರನೇ ಜ್ವರದಲ್ಲೂ ಅದೇ ಕಥೆ. ಅಮ್ಮ ಬಿಚ್ಚಿದ್ದೂ ಅದೇ ರೀತಿ, ನಾನು ಬೈಸಿಕೊಂಡದ್ದೂ ಅದೇ ರೀತಿ. ಈ ಸಲ ಅಮ್ಮ ಗಂಟನ್ನು ನನ್ನ ಕೈಗೆ ಎಟುಕದಂತೆ ಗೋಡೆಯ ಮೇಲಿನ ಗೂಟಕ್ಕೆ ನೇತುಹಾಕಿದಳು. ನಾಲ್ಕನೇ ಜ್ವರದಲ್ಲಿ ಇಳಿಸಿ ನೋಡಿದರೆ ಮತ್ತೆ ಸೊಟ್ಟ ಹೊಲಿಗೆ. ಅಮ್ಮ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಅಷ್ಟೆತ್ರ ಹೆಂಗ್ ಹತ್ತಿದ್ಯೇ?" ಅಂದಳು. ನಾನು ಶಾಲೆಗೆ ಹೋಗುತ್ತಿದ್ದೆ, ಅವಳೂ ಅಪ್ಪನೂ ಸೊಪ್ಪಿಗೆ ತೋಟಕ್ಕೆ ಹೋಗುತ್ತಿದ್ದರು, ಅಕ್ಕ ಮಧ್ಯಾಹ್ನ ಒಳಗೆ ಮಲಗಿರುತ್ತಿದ್ದಳು. ಇನ್ನು ಮನೆಯಲ್ಲಿ ಯಾರಿರುತ್ತಾರೆ ಎಂದು ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಹೊಲಿಯಬೇಡ ಎಂದು ಅಪ್ಪಣೆ ಕೊಟ್ಟವಳೇ ಹೊಲಿಯುತ್ತಾಳೆಂದು ಯಾರಿಗೆ ಹೊಳೆಯುತ್ತದೆ? ಬಿಚ್ಚಿ ಮುಗಿಸುವಷ್ಟರಲ್ಲಿ ಹುಳು ಜ್ವರದಿಂದ ಏಳುವ ಹೊತ್ತಾಗಿತ್ತು. ಅಂಚು ಅರೆಬರೆಯಾಗಿ ಹಾಗೇ ಉಳಿಯಿತು. ಎಂದಿನಂತೆ ಸೂಜಿಗೆ ದಾರ ಪೋಣಿಸಿಟ್ಟು ಅಮ್ಮ ಒಳಗೆ ಓಡಿದಳು.

ಸರೋಜಕ್ಕನಿಗೆ ಹೊಟ್ಟೆನೋವು ಶುರುವಾದದ್ದು ಹುಳುಗಳ ದೊಡ್ಡ ಊಟದ ನಡುವೆ, ಒಂದು ಬೆಳಗಿನ ಹೊತ್ತು. ಮತ್ತೆ ಅದೇ ದಿನಗಳು. ಅಪ್ಪ ಗಾಡಿ ಕಟ್ಟಿ ಹುಲ್ಲು ಹಾಸಿ, ಮುಳಬಾಗಿಲಿನ ಆಸ್ಪತ್ರೆಗೆ ಹೊರಡಿಸಿದ. ಸೊಪ್ಪಿನ ಹೊರೆ ನಡುಮನೆಯಲ್ಲಿ ಬಿದ್ದಿತ್ತು. ಒಳಗೆ ತಟ್ಟೆಗಳಲ್ಲಿ ಹುಳುಗಳು ಹಸಿದು ತಲೆ ಆಡಿಸುತ್ತಿದ್ದವು. ಗಾಡಿ ಹೊಡೆಯಲು ಅಪ್ಪ ಬೇಕು. ಸೊಪ್ಪು ಹಾಕಲು ಅಮ್ಮ ಬೇಕು. ಅಕ್ಕ ಅಮ್ಮನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಕೇಳಲೂ ಇಲ್ಲ, ಸುಮ್ಮನೆ ಹಿಡಿದುಕೊಂಡಿದ್ದಳು. ಅಮ್ಮ ಹುಳದ ಮನೆಯ ಗೋಣಿ ತಾಟಿನ ಕಡೆ ಒಮ್ಮೆ, ಮಗಳ ಮುಖದ ಕಡೆ ಒಮ್ಮೆ ನೋಡುತ್ತಾ ನಿಂತಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಕಂಬದ ಬಳಿಯಿಂದ ಅವ್ವ ಎದ್ದು ಬಂದಳು.

"ನೀನ್ ಹೋಗಮ್ಮ ರತ್ನಾ. ಹುಳ ನಾನ್ ನೋಡ್ಕತೀನಿ."

"ನೀವಾ? ನಶ್ಯದ ಕೈ ಅತ್ತೆ, ಹುಳ ಉಳೀತಾವಾ?"

"ಎಲ್ಲೈತೆ ನಶ್ಯ? ಮೂಸಿ ನೋಡು." ಅವ್ವ ಎರಡು ಅಂಗೈಗಳನ್ನೂ ಅಮ್ಮನ ಮುಖದ ಮುಂದೆ ಚಾಚಿದಳು. "ಮೊದಲ್ನೇ ಜ್ವರದಿಂದ ಮುಟ್ಟಿಲ್ಲ. ಡಬ್ಬಿ ಖಾಲಿ, ಸುಮ್ನೆ ಸೊಂಟದಲ್ಲೈತೆ."

"ಯಾಕತ್ತೆ?"

"ಆ ಬೊಂತ ಮುಟ್ಟಿದ್ ಕೈಲೇ ನೀನ್ ಹೋಗಿ ಸೊಪ್ಪು ಹಾಕ್ತೀಯಲ್ಲ. ನನ್ ಕೈದು ಅದಕ್ಕಂಟಿ, ನಿನ್ ಕೈಗಂಟಿ, ಹುಳಕ್ಕೇನಾದ್ರೂ ಆದ್ರೆ?"

ಅಮ್ಮ ನನ್ನ ಕಡೆ ನೋಡಿದಳು. ಆಮೇಲೆ ಅವ್ವನ ಕಡೆ. ಚಾಚಿದ್ದ ಆ ಕೈಗಳನ್ನು ಹಿಡಿದು ನಿಜವಾಗಿಯೂ ಮೂಗಿನ ಹತ್ತಿರ ತಂದುಕೊಂಡಳು. ಮೂಸಿದಳೋ, ಕಣ್ಣಿಗೆ ಒತ್ತಿಕೊಂಡಳೋ, ನನಗೆ ಸರಿಯಾಗಿ ಕಾಣಲಿಲ್ಲ. ಏನೋ ಹೇಳಲು ಹೋದಳು. ಅವ್ವ "ಪೋ ಪೋ, ಹೊತ್ತಾಗತ್ತೆ" ಎಂದು ಅವಳನ್ನು ಗಾಡಿಯ ಕಡೆ ತಳ್ಳಿದಳು.

ಅವ್ವ ಆ ಮನೆಗೆ ಸೊಸೆಯಾಗಿ ಬಂದು ಎಷ್ಟೋ ಕಾಲವಾಗಿತ್ತು, ಹುಳು ಸಾಕಲು ಶುರುಮಾಡಿದ ಮೇಲೆ ಹುಳದ ಮನೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಕೈಕಾಲು ತೊಳೆದು, ಗೋಣಿ ಸರಿಸಿ, ಒಳಗೆ ಹೋಗಿ ಮಂಜುಗಣ್ಣಿನಲ್ಲಿ ತಟ್ಟೆಗಳನ್ನು ನೋಡಿ "ಅಬ್ಬೋ, ಎಷ್ಟ್ ಬೆಳ್ಳಗವೆ" ಅಂದಳು. ನಾನು ತಟ್ಟೆ ಎಳೆದು ಹಿಡಿದೆ, ಅವಳು ಸೊಪ್ಪು ಹರಡಿದಳು. ಸ್ವಲ್ಪ ಹೊತ್ತಾದ ಮೇಲೆ ನನಗೆ ತಡೆಯಲಾಗಲಿಲ್ಲ.

"ಅವ್ವಾ, ಮಗೂಗೆ ಹೊಲೀಬಾರ್ದು ಅಂದಿದ್ದು ನೀನೇ ಅಲ್ವಾ?"

"ಮಗೂಗಲ್ಲ. ಬಾಗ್ಲಿಗೆ."

"ಅಮ್ಮ ಅದನ್ನೆಲ್ಲ ಬಿಚ್ಚಿ ಬಿಚ್ಚಿ ಹಾಕ್ತಿದ್ಳಲ್ಲ, ಹೊಲ್ದಿದ್ದು ನಾನು ಅಂತ ನೀನ್ಯಾಕೆ ಹೇಳ್ಲಿಲ್ಲ? ನಂಗೆ ಬೈಗುಳ ಬಿತ್ತು."

ಅವ್ವ ಸೊಪ್ಪು ಹರಡುವುದನ್ನು ನಿಲ್ಲಿಸಲಿಲ್ಲ. "ಬಿಚ್ಚಿದ್ರೆ ಬಿಚ್ಲಿ ಅನ್ಕಂಡೆ. ಹೊಲಿಯೋಷ್ಟ್ ಹೊತ್ತು ಭಯ ಆಗ್ತಿರ್ಲಿಲ್ಲ ಕಣೇ ಪಾಪಾ. ಹೊಲಿಯೋದ್ ಬಿಟ್ರೆ ಭಯ ಆಗ್ತಿತ್ತು."

ಆ ವಯಸ್ಸಿಗೆ ನನಗೆ ಅದು ಅರ್ಥವಾಗಲಿಲ್ಲ. ಬೈಸಿಕೊಂಡದ್ದಕ್ಕೆ ಪರಿಹಾರವಾಗಿ ಅವಳ ಸೆರಗಿನಲ್ಲಿದ್ದ ಬೆಲ್ಲದ ಚೂರು ಇಸಿದುಕೊಂಡು ಸುಮ್ಮನಾದೆ.

ಅಕ್ಕನಿಗೆ ಮಗಳು ಹುಟ್ಟಿದಳು. ಹುಟ್ಟಿದ ಕೂಡಲೇ ಜೋರಾಗಿ ಅತ್ತಳಂತೆ, ಅದನ್ನು ಹೇಳಲೆಂದೇ ಅಪ್ಪ ಗಾಡಿ ಹೊಡೆದುಕೊಂಡು ಬಂದ. ಜಗಲಿಯ ಮುಂದೆ ನಿಂತು "ಅತ್ಲು, ಚೆನ್ನಾಗಿ ಅತ್ಲು" ಎಂದು ತಾನೂ ಕಣ್ಣು ಒರೆಸಿಕೊಂಡ. ಅವ್ವ ಸೊಪ್ಪಿನ ಕೈಯನ್ನೇ ಜೋಡಿಸಿ ಕುರುಡುಮಲೆಯ ದಿಕ್ಕಿಗೆ ಮುಗಿದಳು.

ಅಮ್ಮ ಮಗಳನ್ನೂ ಮೊಮ್ಮಗಳನ್ನೂ ಕರೆದುಕೊಂಡು ಬರುವ ಹೊತ್ತಿಗೆ ಹುಳುಗಳು ತಿನ್ನುವುದು ಮುಗಿಸಿ ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಸುರುಳಿ ಹೆಣೆದ ಚಂದ್ರಿಕೆಯ ಮೇಲೆ ಸೇರಿದ್ದವು. ಒಂದು ತಟ್ಟೆಯೂ ಹಾಳಾಗಿರಲಿಲ್ಲ. ಚಂದ್ರಿಕೆ ಹತ್ತಿದ ಮೇಲೆ ಸೊಪ್ಪಿನ ಕೆಲಸವಿಲ್ಲ. ಅಮ್ಮ ಗೂಟದಿಂದ ಗಂಟು ಇಳಿಸಿ ಜಗಲಿಯ ಮೇಲೆ ಕೂತಳು. ನಾಲ್ಕನೇ ಜ್ವರದ ನಂತರವೂ ಅವ್ವ ಸುಮ್ಮನಿರಲಿಲ್ಲ. ಅಂಚಿನಲ್ಲಿ ಮತ್ತೆ ಗೇಣುದ್ದ ಸೊಟ್ಟ ಹೊಲಿಗೆ ಹೊಸದಾಗಿ ಸೇರಿತ್ತು. ಅಮ್ಮ ಅದರ ಮೇಲೆ ಬೆರಳಾಡಿಸಿದಳು. ಈಗ ಬಿಚ್ಚುತ್ತಾಳೇನೋ ಎಂದು ನಾನು ಕಾದೆ. ಅವಳು ಸೂಜಿ ತೆಗೆದುಕೊಂಡು ಅದು ನಿಂತಲ್ಲಿಂದಲೇ ಮುಂದುವರಿಸಿದಳು. ಒಂದು ಹೊಲಿಗೆ ಮೇಲಕ್ಕೆ ಹೋಯಿತು. ಇನ್ನೊಂದು ಕೆಳಕ್ಕೆ.

"ಅಮ್ಮಾ, ಸೊಟ್ಟ ಹೋಗ್ತಿದೆ."

"ಹೋಗ್ಲಿ ಬಿಡೇ."

"ನಿಂಗೆ ನೆಟ್ಟಗೆ ಬರತ್ತಲ್ಲಮ್ಮ."

"ಬಾಯ್ಮುಚ್ಕೊಂಡ್ ಕೂತ್ಕೋ."

ಅವ್ವ ಕಂಬದ ಬಳಿಯೇ ಇದ್ದಳು. ಅತ್ತೆಯನ್ನು ಕ್ಷಮಿಸಿ ಎಂದು ಕೇಳುವ ರೂಢಿ ನಮ್ಮ ಮನೆಗಳಲ್ಲಿಲ್ಲ, ಸೊಸೆಯಿಂದ ಅದನ್ನು ಕೇಳಿಸಿಕೊಳ್ಳುವ ರೂಢಿಯೂ ಇಲ್ಲ. ಅಮ್ಮ ಅಂಚನ್ನೆಲ್ಲ ಹಾಗೆಯೇ, ಉದ್ದುದ್ದ, ಸೊಟ್ಟಸೊಟ್ಟವಾಗಿ ಹೊಲಿದು, ಒಂದು ಮೂಲೆ ಉಳಿಸಿ, ಎದ್ದು ಹೋಗಿ ಬೊಂತವನ್ನು ಅವ್ವನ ಮಡಿಲಲ್ಲಿಟ್ಟಳು. "ಅತ್ತೆ, ಮೂಲೆ ನೀವೇ ಹಾಕಿ" ಅಂದಳು. ಅವ್ವ ಬಟ್ಟೆಯನ್ನು ಕಣ್ಣಿನ ಹತ್ತಿರ ಹಿಡಿದು ಅಂಚಿನ ಸುತ್ತ ನೋಡಿದಳು. ಎಲ್ಲಿಂದ ಎಲ್ಲಿಯವರೆಗೆ ತನ್ನದು ಎಂದು ಹುಡುಕಿದಳೋ ಏನೋ. "ನಿಂದೂ ನಂದಂಗೇ ಆಗೋಯ್ತಲ್ಲೇ ರತ್ನಾ" ಎಂದು ನಗುತ್ತಾ ಮೂಲೆ ಹೊಲಿದು ಮುಗಿಸಿದಳು.

ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹೋದ ದಿನವೇ ಅವ್ವ ನನ್ನನ್ನು ಶೆಟ್ಟರ ಅಂಗಡಿಗೆ ಓಡಿಸಿದಳು. ಅಷ್ಟು ದಿನದ ಬಾಕಿ ತೀರುವಂತೆ ಒಂದು ದೊಡ್ಡ ಚಿಟಿಕೆ ಏರಿಸಿ ಸೀನಿದ ರಭಸಕ್ಕೆ ತೊಟ್ಟಿಲಲ್ಲಿದ್ದ ಮಗು ಬೆಚ್ಚಿ ಎದ್ದು ಅಳತೊಡಗಿತು. ಅಮ್ಮನಿಗೆ ನಗು ತಡೆಯಲಾಗಲಿಲ್ಲ.

ಅವ್ವ ಈಗಿಲ್ಲ. ಆ ಮಗು ಗೀತಾ ಈಗ ಮಿಡ್ಲ್ ಸ್ಕೂಲಿಗೆ ಹೋಗುತ್ತಾಳೆ, ನನಗಿಂತ ಚೆನ್ನಾಗಿ ಗಿಳಿ ಹಾಕುತ್ತಾಳಂತೆ.

ಬೊಂತ ಬಂದು ವಾರವಾದರೂ ಮಂಚದ ಮೇಲೆ ಬಿದ್ದಿತ್ತು. ನಿನ್ನೆ ಶಾಲೆಯಲ್ಲಿ ಪರೀಕ್ಷೆ. ಪ್ರಶ್ನೆ ಬರೆಸಿ ಮುಗಿಸಿ ತಲೆಯೆತ್ತಿ ನೋಡಿದರೆ ಮಕ್ಕಳೆಲ್ಲ ಅಲುಗಾಡದೆ, ತಲೆ ಮೇಲೆತ್ತಿಕೊಂಡು, ಸೂರಿನ ಹೆಂಚಿನಲ್ಲಿ ಉತ್ತರ ಹುಡುಕುತ್ತಾ ಕೂತಿದ್ದರು. ಥೇಟ್ ಜ್ವರಕ್ಕೆ ಕೂತ ಹುಳುಗಳು. ನನಗೆ ನಗು ಬಂತು. ನಗುತ್ತಾ ನಗುತ್ತಾ ಅಮ್ಮನನ್ನು ನೋಡಬೇಕೆನಿಸಿತು. ಮನೆಗೆ ಬಂದವಳು ಉತ್ತರಪತ್ರಿಕೆಯ ಕಟ್ಟನ್ನು ಬಿಚ್ಚಲಿಲ್ಲ. ಸೂಜಿ ದಾರ ತೆಗೆದುಕೊಂಡು ಹೊಸ್ತಿಲ ಬಳಿ ಬೆಳಕಿಗೆ ಕೂತೆ.

ಕಿತ್ತುಹೋದ ಕಡೆ ಹೊಲಿಯುವ ಮೊದಲು ಅಂಚಿನ ಸುತ್ತ ನೋಡಿದೆ. ಯಾವುದು ಅವ್ವನದು, ಯಾವುದು ಅಮ್ಮನದು ಎಂದು ಎಷ್ಟು ನೋಡಿದರೂ ಗೊತ್ತಾಗಲಿಲ್ಲ. ನಾನು ಶುರುಮಾಡಿದೆ. ನನ್ನ ಹೊಲಿಗೆ ಹೇಗೂ ಉದ್ದ, ಹೇಗೂ ಸೊಟ್ಟ. ಹುಟ್ಟಿದಾಗಿನಿಂದ ಮೊದಲ ಸಲ ಅದು ಎಲ್ಲಿ ಸೇರಬೇಕೋ ಅಲ್ಲಿ ಸೇರಿತು. ಇಷ್ಟು ದಿನ ನಾನು ಯಾರಿಗೂ ಹೇಳದೆ ಇಟ್ಟುಕೊಂಡ ಮಾತೊಂದಿದೆ. ನನಗೆ ಭಯವಾಗುತ್ತಿದೆ. ಬಸ್ಸು ಹಳ್ಳಕ್ಕೆ ಬಿದ್ದಾಗಲೆಲ್ಲ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಗುತ್ತದೆ. ಹೊಲಿಯುವಷ್ಟು ಹೊತ್ತು ಭಯ ಆಗಲಿಲ್ಲ.

ನಮ್ಮ ಯಜಮಾನರು ಆಫೀಸಿನಿಂದ ಬಂದು ಚಪ್ಪಲಿ ಬಿಡುತ್ತಾ, ಬಿಚ್ಚದ ಕಟ್ಟನ್ನೂ ನನ್ನ ಕೈಯಲ್ಲಿದ್ದ ಸೂಜಿಯನ್ನೂ ನೋಡಿದರು. ಸ್ವೆಟರ್ ಏನಾದರೂ ಮುಂದುವರಿಯಿತೇ ಎಂಬ ಆಸೆ ಅವರ ಮುಖದಲ್ಲಿತ್ತು.

"ಇದ್ಯಾರಿಗೆ?" ಅಂದರು.

"ಹುಳದ್ ಮನೆ ಬಾಗ್ಲಿಗೆ," ಅಂದೆ.

ಕೋಲಾರ ಪೇಟೆಯಲ್ಲಿ ಹುಟ್ಟಿ ಬೆಳೆದವರು ಅವರು. ನಮ್ಮ ಮನೆಗಿರುವ ಎರಡು ಬಾಗಿಲುಗಳಲ್ಲಿ ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು, ನನ್ನ ಕಣ್ಣು ನೋಡಿ ಕಾಫಿಗೆ ನೀರಿಡಲು ಒಳಗೆ ಹೋದರು. ನಾನು ಕೊನೆಯ ಮೂಲೆಯವರೆಗೆ ಬಂದು ನಿಲ್ಲಿಸಿದೆ. ದಾರ ಕತ್ತರಿಸಲಿಲ್ಲ. ಸೂಜಿಯನ್ನು ಅಲ್ಲೇ ಚುಚ್ಚಿಟ್ಟಿದ್ದೇನೆ. ಆ ಮೂಲೆಯನ್ನು ಅಮ್ಮ ಬಂದು ಹಾಕಲಿ, ಮಗು ಅತ್ತ ಮೇಲೆ.